ಓದುಗರ ಸ್ಪಂದನ: ‘ಯಾರ ರಕ್ತವೋ’ ಎಂಬ ಮಾತು

ಕಳೆದ ಸಂಚಿಕೆಯಲ್ಲಿ ಹುಬ್ಬಳ್ಳಿಯ ತಾಯಿಯೊಬ್ಬರು ತಮ್ಮ ಅಳಲನ್ನು ಬರೆದುಕೊಂಡಿದ್ದರು. ಏಳು ತಿಂಗಳ ಕೂಸಾಗಿದ್ದಾಗ ದತ್ತು ಪಡೆದ ಮಗಳಿಗೆ ಈಗ 14 ವರ್ಷ. ಮಾತಿಗೆ ಮಾತು ಬೆಳೆಸುತ್ತಾಳೆ, ಬಾಗಿಲು ಬಡಿಯುತ್ತಾಳೆ, ಎರಡು ಬಾರಿ ಪರ್ಸಿನಿಂದ ಹಣ ತೆಗೆದು ಸುಳ್ಳು ಹೇಳಿದ್ದಾಳೆ. ‘ಯಾರ ರಕ್ತವೋ ಏನೋ, ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಅತ್ತೆಯವರು ಅನ್ನುತ್ತಿದ್ದು, ತಮಗೂ ಹಾಗೆಯೇ ಅನ್ನಿಸತೊಡಗಿದೆ, ಸ್ವಭಾವ ರಕ್ತದಲ್ಲೇ ಬರುವುದಾದರೆ ನಮ್ಮ ಸಾಕಣೆಗೆ ಅರ್ಥವೇನು ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದನ್ನು ಮೊಟಕುಗೊಳಿಸಲು ಮನಸ್ಸು ಬರಲಿಲ್ಲ.

“ನನ್ನ ಮಗ ದತ್ತು ಮಗನಲ್ಲ, ನಾನೇ ಹೆತ್ತವನು. ಆದರೂ ನಿಮ್ಮ ಪತ್ರ ಓದಿದ ಮೇಲೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಯಜಮಾನರು ಕುಡಿಯುತ್ತಿದ್ದರು, ಕುಡಿದ ದಿನ ಕೈ ಮಾಡುತ್ತಿದ್ದರು. ಅವರು ತೀರಿಕೊಂಡಾಗ ಮಗನಿಗೆ ಒಂಬತ್ತು ವರ್ಷ. ಮೀಸೆ ಮೂಡುವ ಹೊತ್ತಿಗೆ ಅವನ ನಡಿಗೆ, ಕೆಮ್ಮು, ಸಿಟ್ಟು ಬಂದಾಗ ಬಲಗೈ ಮುಷ್ಟಿ ಬಿಗಿಯುವ ರೀತಿ ಎಲ್ಲವೂ ತಂದೆಯದೇ ಆಗಿತ್ತು. ಒಂಬತ್ತು ವರ್ಷ ನೋಡಿ ಕಲಿತದ್ದೋ, ಹುಟ್ಟುವಾಗಲೇ ತಂದದ್ದೋ, ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯದು. ಭಯವೊಂದೇ ಇತ್ತು. ಅವನು ಕಾಲೇಜಿಗೆ ಸೇರಿದ ಮೇಲೆ, ಸಂಜೆ ತಡವಾಗಿ ಬಂದ ದಿನವೆಲ್ಲ ಹೊಸ್ತಿಲಲ್ಲೇ ನಿಲ್ಲಿಸಿ, ಬಾಯಿ ಊದಿಸಿ, ವಾಸನೆ ನೋಡಿ ಒಳಗೆ ಬಿಡುತ್ತಿದ್ದೆ. ಒಂದು ದಿನವೂ ವಾಸನೆ ಇರಲಿಲ್ಲ. ಆದರೂ ‘ಥೇಟ್ ನಿಮ್ಮಪ್ಪನೇ’ ಎಂಬ ಮಾತನ್ನು ಅನ್ನದ ಜೊತೆಗೆ ದಿನವೂ ಬಡಿಸಿದೆ. 19ನೆಯ ವಯಸ್ಸಿಗೆ ಅವನು ಮನೆ ಬಿಟ್ಟ.

ಕುಡಿತದ ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಪಾಲು ವಂಶವಾಹಿಗಳಿಗೆ ಸೇರಿದ್ದು, ಆದರೆ ಅದು ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪಾಲು, ಕುಡುಕರ ಮಕ್ಕಳಲ್ಲಿ ಹೆಚ್ಚಿನವರು ಕುಡುಕರಾಗುವುದಿಲ್ಲ ಎಂದು ಎಷ್ಟೋ ವರ್ಷಗಳ ನಂತರ ಮನೋವೈದ್ಯರೊಬ್ಬರು ನನಗೆ ವಿವರಿಸಿದರು. ಹಾಗಾದರೆ ನನ್ನ ಭಯ ಪೂರಾ ಸುಳ್ಳೂ ಆಗಿರಲಿಲ್ಲ. ‘ನಿನಗೆ ಉಳಿದವರಿಗಿಂತ ಅಪಾಯ ಹೆಚ್ಚು, ಆ ಗ್ಲಾಸು ಮುಟ್ಟಬೇಡ ಮಗಾ’ ಎಂದು ಒಂದು ದಿನ ಕೂರಿಸಿಕೊಂಡು ಹೇಳಿದ್ದರೆ ಸಾಕಾಗಿತ್ತು. ಈಗ ಅವನಿಗೆ 34. ಪುಣೆಯಲ್ಲಿದ್ದಾನೆ, ಕುಡಿಯುವುದಿಲ್ಲ, ಯುಗಾದಿಗೆ ಬರುತ್ತಾನೆ. ಬಂದವನು ಇವತ್ತಿಗೂ ಹೊಸ್ತಿಲ ಬಳಿ ಒಂದು ಗಳಿಗೆ ನಿಲ್ಲುತ್ತಾನೆ; ನಾನು ‘ಬಾ’ ಎಂದ ಮೇಲೆಯೇ ಒಳಗೆ ಕಾಲಿಡುತ್ತಾನೆ.”
— ಹೆಸರು ಬೇಡವೆಂದ ಓದುಗರು, ಶಿವಮೊಗ್ಗ

ಮಂಡ್ಯದಿಂದ ಬಂದ ಕಾರ್ಡಿನಲ್ಲಿದ್ದದ್ದು ಇಷ್ಟೇ.

“ನೀವು ಹೆತ್ತ ಮಗಳೇ ಬಾಗಿಲು ಬಡಿದು ಪರ್ಸಿಗೆ ಕೈ ಹಾಕಿದ್ದರೆ ಯಾರ ರಕ್ತವೆಂದು ಪತ್ರಿಕೆಗೆ ಬರೆಯುತ್ತಿದ್ದಿರಾ? ಅತ್ತೆಯವರ ಮಾತನ್ನು ಮೊದಲು ನಿಲ್ಲಿಸಿ.”

ಮಾತು ಕಟುವಾದರೂ ಪ್ರಶ್ನೆ ಕೇಳತಕ್ಕದ್ದೇ ಎಂದು ನಮಗೆ ತೋರಿತು. ವಿಜ್ಞಾನ ಏನನ್ನುತ್ತದೆ ಎಂದು ವಿಚಾರಿಸಿದವರು ಹಲವರು. ತುಮಕೂರಿನ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕರ ಪತ್ರ ಅವರಿಗೆ ನೆರವಾದೀತು.

“ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ, 1.4 ಕೋಟಿಗೂ ಹೆಚ್ಚು ಅವಳಿ ಜೋಡಿಗಳ ಮಾಹಿತಿಯನ್ನು ವಿಶ್ಲೇಷಿಸಿದಾಗ, ಮನುಷ್ಯರ ಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಸರಾಸರಿ ಶೇ 49ರಷ್ಟು ಅನುವಂಶೀಯವೆಂದು ಕಂಡುಬಂತು. ಇದನ್ನು ‘ನಮ್ಮ ಮಗಳಲ್ಲಿ ಅರ್ಧ ರಕ್ತದ್ದು, ಅರ್ಧ ಸಾಕಣೆಯದ್ದು’ ಎಂದು ಓದಿಕೊಳ್ಳುವುದು ತಪ್ಪು, ಏಕೆಂದರೆ ಆ ಅಂಕಿ ಒಂದು ಜನಸಮೂಹದೊಳಗಿನ ಏರುಪೇರನ್ನು ಹೇಳುತ್ತದೆಯೇ ಹೊರತು ಒಬ್ಬ ವ್ಯಕ್ತಿಯನ್ನು ಪಾಲು ಹಾಕಿ ತೋರಿಸುವುದಿಲ್ಲ. ಬೆರಕೆ ರಾಗಿಬೀಜವನ್ನು ನೀರು ಗೊಬ್ಬರ ಸಮನಾಗಿ ಸಿಕ್ಕ ಹೊಲದಲ್ಲಿ ಬಿತ್ತಿದರೆ ಪೈರಿನ ಎತ್ತರದಲ್ಲಿ ಕಾಣುವ ವ್ಯತ್ಯಾಸವೆಲ್ಲ ಬೀಜದ್ದು. ಅದೇ ಚೀಲದ ಬೀಜವನ್ನು ಒಂದೇ ಸಮನೆ ಬರಡಾದ ನೆಲಕ್ಕೆ ಚೆಲ್ಲಿದರೂ ಪೈರು ಪೈರಿನ ನಡುವಣ ವ್ಯತ್ಯಾಸ ಬೀಜದ್ದೇ, ಆದರೆ ಹೊಲಕ್ಕೆ ಹೊಲವೇ ಕುಳ್ಳಾದದ್ದು ಮಣ್ಣಿನಿಂದ. ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1970ರಲ್ಲಿ ಮೆಕ್ಕೆಜೋಳವನ್ನಿಟ್ಟುಕೊಂಡು ಇದನ್ನು ಹೇಳಿದ್ದರು.

ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೂ ಇಲ್ಲಿ ಪ್ರಸ್ತುತ. ಎಂಎಒಎ ಎಂಬ ವಂಶವಾಹಿಯ ಮಂದ ರೂಪವಿದ್ದ ಹುಡುಗರಲ್ಲಿ, ಬಾಲ್ಯದಲ್ಲಿ ಹಿಂಸೆ ಉಂಡವರು ಮುಂದೆ ಸಮಾಜಘಾತಕ ನಡತೆಗೆ ತಿರುಗುವುದು ಹೆಚ್ಚಾಗಿತ್ತು; ಅದೇ ರೂಪವಿದ್ದೂ ಹಿಂಸೆಯಿಲ್ಲದೆ ಬೆಳೆದವರಲ್ಲಿ ಆ ಹೆಚ್ಚಳ ಕಾಣಲಿಲ್ಲ ಎಂದು 2002ರಲ್ಲಿ ವರದಿಯಾಯಿತು. ಒಂದೇ ವಂಶವಾಹಿಯ ಮೇಲೆ ನಿಂತ ಇಂತಹ ಫಲಿತಾಂಶ ಮುಂದಿನ ಎಲ್ಲ ಅಧ್ಯಯನಗಳಲ್ಲೂ ಮರುಕಳಿಸಲಿಲ್ಲವೆಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಂತೆ ಇಲ್ಲಿಯೂ ಹೇಳಬೇಕು.”

ಮೈಸೂರಿನ ಓದುಗರು ಬೇರೊಂದು ದಾರಿಯಿಂದ ಬಂದಿದ್ದಾರೆ. ಅವರ ನೋವನ್ನು ನಾವು ಅಲ್ಲಗಳೆಯಲಾರೆವು.

“ಎಲ್ಲರೂ ಸಾಕಣೆಯ ಪರವಾಗಿ ಬರೆಯುತ್ತಾರೆಂದು ಊಹಿಸಿ ನಾನು ರಕ್ತದ ಪರವಾಗಿ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಆಟಿಸಂ. ತಾಯಿ ಕೆಲಸಕ್ಕೆ ಹೋದದ್ದರಿಂದಲೇ ಹೀಗಾಯಿತೆಂದು ನಮ್ಮ ಮನೆಯಲ್ಲಿ ಆರು ವರ್ಷ ಅಂದರು. 1950 ಮತ್ತು 60ರ ದಶಕಗಳಲ್ಲಿ ಪಶ್ಚಿಮದ ತಜ್ಞರೇ ಪ್ರೀತಿಯಿಲ್ಲದ ತಾಯಂದಿರು ಇದಕ್ಕೆ ಕಾರಣವೆಂದಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟ್ಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿ ವಂಶವಾಹಿಗಳ ಪಾಲನ್ನು ತೋರಿಸಿದರು. ಅದನ್ನು ಓದಿದ ದಿನ ನಾನು ಮನಸಾರೆ ಅತ್ತುಬಿಟ್ಟೆ. ಎಲ್ಲವೂ ಸಾಕಣೆ ಎನ್ನುವವರು ಎಲ್ಲ ಹೊರೆಯನ್ನೂ ತಾಯಿಯ ತಲೆಯ ಮೇಲೆ ಹೊರಿಸುತ್ತಾರೆ.”

ಕೊನೆಯದು ಉಡುಪಿಯಿಂದ. ಹುಬ್ಬಳ್ಳಿಯ ತಾಯಿ ಇದನ್ನು ಎರಡು ಸಲ ಓದಲಿ ಎಂಬುದು ನಮ್ಮ ಕೋರಿಕೆ.

“ನಾನೂ ದತ್ತು ಮಗಳು, ಈಗ 31 ವರ್ಷ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಅನುವಂಶೀಯತೆಯ ಪಾಠವಿತ್ತು. ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ, ಬಿಡಿಯಾಗಿದೆಯೋ, ತಂದೆ ತಾಯಿಯದನ್ನೂ ನೋಡಿ ಬರೆದು ತರಬೇಕಾಗಿತ್ತು. ನನ್ನದು ಇಬ್ಬರಿಗೂ ಹೊಂದಲಿಲ್ಲ. ‘ಸರಿಯಾಗಿ ನೋಡಿಕೊಂಡು ಬಾ’ ಎಂದು ಶಿಕ್ಷಕರು ಎಲ್ಲರೆದುರು ಪುಸ್ತಕ ಹಿಂದಿರುಗಿಸಿದರು. ಅವತ್ತು ನಾನೂ ಬಾಗಿಲು ಬಡಿದೆ, ಕಾರಣ ಹೇಳಲಿಲ್ಲ. ನಿಮ್ಮ ಮಗಳು ಯಾರ ರಕ್ತವೆಂಬ ಪ್ರಶ್ನೆ ಎಲ್ಲರಿಗಿಂತ ಮೊದಲು ಅವಳದು. ಅತ್ತೆಯವರ ಮಾತು ಅವಳ ಕಿವಿಗೂ ಬಿದ್ದಿರುತ್ತದೆ. ಹುಟ್ಟಿನ ಮೂಲವನ್ನು ಹುಡುಕಲು ನಮ್ಮ ನಿಯಮಗಳಲ್ಲಿ ಅವಕಾಶವಿದೆ: 18 ತುಂಬುವವರೆಗೆ ಸಾಕಿದವರ ಜೊತೆ ಸೇರಿ, ಆಮೇಲೆ ಒಬ್ಬಳೇ ಅರ್ಜಿ ಹಾಕಬಹುದು, ಹೆತ್ತವರ ಗೋಪ್ಯತೆಗೆ ಧಕ್ಕೆಯಾಗದಂತೆ. ಅಮ್ಮ ಆ ರಾತ್ರಿ ನನ್ನ ಕಿವಿಯನ್ನು ಮುಟ್ಟಿ ನೋಡಿ, ‘ನಿನಗೆ ಯಾವಾಗ ತಿಳಿಯಬೇಕೆನಿಸುತ್ತದೋ ಆಗ ಹೇಳು, ನಾನೂ ಬರುತ್ತೇನೆ’ ಎಂದಳು. ನನಗೆ ಇನ್ನೂ ಹಾಗನ್ನಿಸಿಲ್ಲ. ದತ್ತು ಕಾಗದಪತ್ರಗಳನ್ನು ಅಮ್ಮ ಬೀರುವಿನಲ್ಲಿ ನನ್ನ ಬಟ್ಟೆಗಳ ಪಕ್ಕದಲ್ಲೇ ಇಟ್ಟಿದ್ದಾಳೆ.”

ಹುಬ್ಬಳ್ಳಿಯ ಮನೆಗೆ ಈ ಪತ್ರಗಳ ಪ್ರತಿಯನ್ನು ಕಳುಹಿಸಿದ್ದೇವೆ. ಮಗಳಿಗೂ ಬರೆಯಬೇಕೆನಿಸಿದರೆ ಮುಂದಿನ ಸಂಚಿಕೆಯಲ್ಲಿ ಅವಳಿಗಾಗಿ ಜಾಗ ಕಾದಿರಿಸುತ್ತೇವೆ.