ಲೋಕಲ್ ಟಿವಿಯಿಂದ ನಮ್ಮ ಮಾತು ಉಳಿಯುತ್ತಾ?

ಪ್ರಶ್ನೆ: ಮಂಗಳೂರಿನಲ್ಲಿ ನನ್ನ ಅಜ್ಜಿ ದಿನಾ ‘ನಮ್ಮ ಕುಡ್ಲ’ ಅನ್ನೋ ತುಳು ಚಾನೆಲ್ ಹಾಕುತ್ತಾರೆ. ರಜೆಯಲ್ಲಿ ಪಕ್ಕದಲ್ಲೇ ಕೂತಿದ್ದ ನನ್ನ ಮಗ, ಬೆಂಗಳೂರಲ್ಲೇ ಬೆಳೆದವನು, ಈಗ ‘ವಣಸ್ ಆಂಡಾ?’ (ಊಟ ಆಯ್ತಾ?) ಅಂತ ತುಳುವಲ್ಲೇ ಕೇಳುತ್ತಾನೆ. ಟಿವಿಗೆ ಇಷ್ಟು ಶಕ್ತಿ ಇದೆಯಾ?

ಉತ್ತರ 1: ಖಂಡಿತ ಇದೆ. ತುಳು ಇನ್ನೂ ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳ ಪಟ್ಟಿ ಸೇರಿಲ್ಲ, ಆದರೆ ಟಿವಿಯಲ್ಲಿ ಯಕ್ಷಗಾನ ಬಂದರೆ, ಬಯಲಾಟಕ್ಕೆ ಹೋಗಲಾಗದ ನಮ್ಮಪ್ಪ ಚೆಂಡೆ ಸದ್ದಿಗೆ ಮಂಚದ ಮೇಲೇ ತಾಳ ಹಾಕುತ್ತಾರೆ.

ಉತ್ತರ 2: ಧಾರವಾಡದವರಿಗೆ ಬೇಜಾರೇ ಜಾಸ್ತಿ. ಧಾರಾವಾಹಿ ನಾಯಕಿಯದು ಹೆಚ್ಚಾಗಿ ಬೆಂಗಳೂರು ಕಡೆಯ ಮಾತು, ನಮ್ಮದು ನಗಿಸುವ ಪಾತ್ರಕ್ಕೆ. ನನ್ನ ಮಗಳು ‘ಹೌದ್ರಿ’ ಅನ್ನೋಕೆ ನಾಚುತ್ತಾಳೆ.

ಉತ್ತರ 3: ಚಂದನ ಚಾನೆಲ್‌ನ ‘ಥಟ್ ಅಂತ ಹೇಳಿ’ ಕ್ವಿಜ್ ನೋಡಿ, ಬಹುಮಾನ ಕನ್ನಡ ಪುಸ್ತಕ. ನಮ್ಮ ಮನೆಯವರೆಲ್ಲ ಒಟ್ಟಿಗೆ ಉತ್ತರ ಕೂಗುತ್ತಿದ್ದೆವು.