ಅಪ್‌ಡೇಟ್: ಗದಗಿನ ಸೆಕೆಂಡ್ ಹ್ಯಾಂಡ್ ಗಾಡಿ ಕಡೀಗೂ ನನ್ನ ಹೆಸರಿಗೆ ಆತ್ರಿ

ಹಿಂದ ಕೇಳಿದ್ನೆಲ್ರಿ, ಗದಗದಾಗ ಒಬ್ರ ಕಡಿಂದ ಹಳೇ ಸ್ವಿಫ್ಟ್ ತಗೊಂಡೇನಿ, ಅವ್ರು ಸಾಲ ತೀರ್ಸ್ಯಾರ ಆದ್ರ ಆರ್‌ಸಿ ಮ್ಯಾಲ ಇನ್ನೂ ಬ್ಯಾಂಕಿನ ಹೆಸರೈತಿ, ಹುಬ್ಬಳ್ಳ್ಯಾಗ ಇರೋ ನನ್ನ ಹೆಸರಿಗೆ ಆಕ್ಕತೇನು ಅಂತ. ಆತ್ರಿ, ಮೊನ್ನೆ ಆರ್‌ಸಿ ಬಂತು.

ತಡಾ ಆಗಿದ್ದೆಲ್ಲಾ ಬ್ಯಾಂಕಿನ ಎಚ್‌ಪಿ, ಅಂದ್ರ ಆರ್‌ಸಿ ಮ್ಯಾಲಿನ ಸಾಲದ ನಮೂದು, ತಗ್ಸೋದ್ರಾಗ. ಸಾಲ ತೀರಿತು ಅಂದ್ರ ಆರ್‌ಸಿ ಮ್ಯಾಲಿನ ಹೆಸರು ತಾನಾಗೇ ಹೋಗ್ತದ ಅಂತ ತಿಳ್ಕೋಬ್ಯಾಡ್ರಿ, ಸಾಲ ಬಾಕಿ ಇಲ್ಲ ಅಂತ ಬ್ಯಾಂಕಿನ ಎನ್‌ಒಸಿ ಪತ್ರ ಬೇಕು, ಫಾರ್ಮ್ 35ರ ಮ್ಯಾಲ ಓನರ್ದೂ ಬ್ಯಾಂಕಿಂದೂ ಸಹಿ ಬೇಕು, ಬ್ರಾಂಚ್‌ನ್ಯಾಗ "ಸಾಹೇಬ್ರು ರಜಾದಾಗ ಅದಾರ, ನಾಳೆ ಬರ್ರಿ" ಅಂತ ಓಡಾಡ್ಸಿದ್ದ ಓಡಾಡ್ಸಿದ್ದು. ಗಾಡಿ ಮಾರಿದ ಕಾಕಾ ಪಾಪ ಬ್ಯಾಸರಾ ಮಾಡ್ಕೊಳ್ದ ನನ್ ಕೂಡ ಬಂದು ಕುಂತ್ರು, ಅಂಥಾವ್ರು ಸಿಗೂದು ನಸೀಬ ಬಿಡ್ರಿ.

ಅದಾದ ಮ್ಯಾಲ ಮಾಲಕರ ಹೆಸರು ಬದಲಿ ಮಾಡೋ ಫಾರ್ಮ್ 29, 30 ಸರ್ಕಾರದ ವಾಹನ್ ಪೋರ್ಟಲ್‌ನ್ಯಾಗ ತುಂಬಿ ಫೀ ಕಟ್ಟಿದ್ದು, ಅದೇನ್ ದೊಡ್ಡ ಕೆಲಸಲ್ಲ. ನಂಬರ್ ಬದ್ಲಿ ಮಾಡ್ಸಿ ಹುಬ್ಬಳ್ಳಿದು ಕೆಎ 63 ತಗೋಬೇಕು ಅಂತ ಯಾರೋ ಹೆದರ್ಸಿದ್ರಲ್ಲ, ಗರಜಿಲ್ಲ, ರಾಜ್ಯದೊಳಗ ಗದಗಿನ ಕೆಎ 26 ಹಂಗ ನಡೀತೈತಿ.

ಇನ್ಶೂರೆನ್ಸ್ ಮಾತ್ರ ಮರೀಬ್ಯಾಡ್ರಿ, ಗಾಡಿ ಕೈ ಬದಲಾದ 14 ದಿನದಾಗ ನಿಮ್ಮ ಹೆಸರಿಗೆ ಮಾಡ್ಸಾಕ ಅರ್ಜಿ ಹಾಕ್ಬೇಕು, ಮತ್ತ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವ್ರಿಗೆ ಪ್ರೀಮಿಯಂನ್ಯಾಗ ಸಿಗೋ ರಿಯಾಯಿತಿ) ಹಳೇ ಮಾಲಕರದು, ಗಾಡಿ ಜೊತಿ ಬರೂದಿಲ್ಲ, ಆ ರಿಯಾಯಿತಿ ರೊಕ್ಕ ನಾನ ಕಟ್ಟಿದೆ.

ಈಗ ಉಳಿದಿದ್ದು ಫಾಸ್ಟ್ಯಾಗ್, ಟೋಲ್ ಇನ್ನೂ ಕಾಕಾನ ಖಾತೆದಾಗ ಕಟ್ ಆಗಾಕತ್ತೈತಿ, ಅವ್ರು ಕ್ಲೋಸ್ ಮಾಡಿದ ಕೂಡ್ಲೇ ಹೊಸಾದು ಹಚ್ಚಸ್ತೀನಿ.