ದಾಂಡೇಲಿಯ ನಾಟಾ ಇತಿಹಾಸ: ಎರಡು ದಿನಗಳಲ್ಲಿ ಏನೇನು ನೋಡಬಹುದು?

ಪ್ರಶ್ನೆ

ನಮ್ಮ ಅಜ್ಜನವರು ಹುಬ್ಬಳ್ಳಿಯಲ್ಲಿ ಕಟ್ಟಿಗೆ ಅಡ್ಡೆ ಇಟ್ಟುಕೊಂಡಿದ್ದರು. ಸಾಗುವಾನಿ ಹರಾಜಿಗೆಂದು ಅವರು ದಾಂಡೇಲಿಗೆ ಹೋಗಿಬರುತ್ತಿದ್ದುದನ್ನು ತಾಯಿಯವರು ಇಂದಿಗೂ ನೆನೆಯುತ್ತಾರೆ. ಡಿಸೆಂಬರಿನಲ್ಲಿ ಅವರನ್ನು ಕರೆದುಕೊಂಡು ಎರಡು ದಿನ ಅಲ್ಲಿಗೆ ಹೋಗುವವನಿದ್ದೇನೆ. ಯಾರನ್ನು ವಿಚಾರಿಸಿದರೂ ರಾಫ್ಟಿಂಗ್ ಮತ್ತು ರೆಸಾರ್ಟುಗಳ ಮಾತೇ ಬರುತ್ತದೆ. ಊರು ಬೆಳೆದ ಬಗೆಯನ್ನೂ ಅದರ ಕುರುಹುಗಳು ಎಲ್ಲಿ ಉಳಿದಿವೆ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ತಾವು ಮೊದಲು ನಾಟಾ ಡಿಪೋಗೇ, ಎಂದರೆ ಅರಣ್ಯ ಇಲಾಖೆಯ ದಿಮ್ಮಿಗಳ ದಾಸ್ತಾನಿಗೇ, ಹೋಗಿರಿ; ದಾಂಡೇಲಿ ಊರಾದದ್ದೇ ಕಟ್ಟಿಗೆಯಿಂದ. ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಕಾಳಿ ನದಿಯ ಕಣಿವೆಯ ಸಾಗುವಾನಿ, ಮತ್ತಿ, ನಂದಿ ಮರಗಳನ್ನು ಹೊರಗೆ ಸಾಗಿಸಲೆಂದೇ ಬ್ರಿಟಿಷರು ಅಳ್ನಾವರದಿಂದ ಇಲ್ಲಿಯವರೆಗೆ ರೈಲು ಹಳಿ ಹಾಕಿಸಿದರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಬಿದಿರಿಗೂ ಬೇಡಿಕೆ ಬಂದಿತು. ಊರಿನ ಪ್ಲೈವುಡ್ ಕಾರ್ಖಾನೆ ಮುಚ್ಚಿಹೋಯಿತು. ಕಾಗದದ ಕಾರ್ಖಾನೆ ಮಾತ್ರ ಇಂದಿಗೂ ನಡೆಯುತ್ತಿದೆ. ವಿಚಿತ್ರವೆಂದರೆ, ಇತ್ತ ಕಾರ್ಖಾನೆ ಏಳುತ್ತಿದ್ದಾಗಲೇ, 1956ರಲ್ಲಿ, ಅತ್ತ ಅದೇ ಕಾಡು ವನ್ಯಜೀವಿಧಾಮವೆಂದು ಘೋಷಣೆಯಾಯಿತು. 2007ರಲ್ಲಿ ಅದು ಅಣಶಿ ರಾಷ್ಟ್ರೀಯ ಉದ್ಯಾನದೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು; ಕಾಳಿ ಎಂಬ ಈಗಿನ ಹೆಸರು ಬಂದದ್ದು 2015ರಲ್ಲಿ.

ಡಿಪೋದ ಕಚೇರಿಯಲ್ಲಿ ಅನುಮತಿ ಕೇಳಿ ಒಳಗೆ ಹೋದರೆ, ಹರಾಜಿಗೆಂದು ಲಾಟುಗಳಾಗಿ ಜೋಡಿಸಿಟ್ಟ ದಿಮ್ಮಿಗಳ ಕೊಯ್ದ ಮುಖದ ಮೇಲೆ ಸುತ್ತಿಗೆಯಿಂದ ಒತ್ತಿದ ಇಲಾಖೆಯ ಗುರುತನ್ನೂ ನಂಬರನ್ನೂ ಕಾಣಬಹುದು. ಹೊಸದಾಗಿ ಕೊಯ್ದ ಸಾಗುವಾನಿಯಾದರೆ ಹದ ಮಾಡಿದ ಚರ್ಮದಂಥ ವಾಸನೆ ಮೂಗಿಗೆ ಬಡಿಯುತ್ತದೆ. ತಮ್ಮ ತಾಯಿಯವರಿಗೆ ಅದು ಗುರುತು ಹತ್ತೀತು. ಬೆಳಗಿನ ಹೊತ್ತು ಹೋದರೆ ಅಲ್ಲಿನ ಮರಗಳಿಗೆ ಬರುವ ಮಂಗಟ್ಟೆ ಹಕ್ಕಿಗಳನ್ನೂ ನೋಡಬಹುದು.

ಉತ್ತರ 2

ಕಟ್ಟಿಗೆಯ ಕಥೆಯ ಜೊತೆಗೆ ನೀರಿನ ಕಥೆಯನ್ನೂ ಹೇಳಬೇಕಾಗುತ್ತದೆ. ಗಣೇಶಗುಡಿಯ ಬಳಿ ಕಾಳಿಗೆ ಅಡ್ಡಲಾಗಿ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ನಮ್ಮ ಮನೆತನದವರೂ ಸೇರಿದಂತೆ ಅನೇಕರು ಜೋಯಿಡಾ ತಾಲ್ಲೂಕಿನ ರಾಮನಗರಕ್ಕೆ ಬಂದು ನೆಲೆಸಬೇಕಾಯಿತು. ತಾವು ಬೇಸರಪಟ್ಟುಕೊಂಡ ರಾಫ್ಟಿಂಗ್ ಸಹ ಇದರದೇ ಫಲ: ವಿದ್ಯುತ್ ಉತ್ಪಾದಿಸಿ ಹೊರಬಿಟ್ಟ ನೀರು ಇರುವುದರಿಂದಲೇ ಮಳೆಗಾಲ ಕಳೆದ ಮೇಲೂ ಅಲ್ಲಿ ದೋಣಿ ತೇಲುತ್ತದೆ.

ಉತ್ತರ 3

ಹಿರಿಯರು ಜೊತೆಗಿರುವುದರಿಂದ ಒಂದು ಸಲಹೆ. ಕವಳಾ ಗುಹೆಗೆ ನೂರಾರು ಮೆಟ್ಟಿಲುಗಳಿವೆ, ಸಿಂಥೇರಿ ಬಂಡೆಯ ಬುಡಕ್ಕೂ ಮೆಟ್ಟಿಲಿಳಿದೇ ಹೋಗಬೇಕು. ಮೊಣಕಾಲು ನೋವಿದ್ದವರಿಗೆ ಎರಡೂ ಬೇಡ. ಅದರ ಬದಲು ಎರಡನೆಯ ದಿನ ಚನ್ನಬಸವಣ್ಣನವರ ಸಮಾಧಿಯಿರುವ ಉಳವಿಗೆ ಹೋಗಿಬನ್ನಿ. ದಾರಿಯುದ್ದಕ್ಕೂ ಕಾಡೇ ಕಾಡು. ದಿಮ್ಮಿ ಹೊತ್ತ ಆ ಹಳಿಯ ಮೇಲೆ 2019ರಲ್ಲಿ ಅಳ್ನಾವರದಿಂದ ದಾಂಡೇಲಿ ಬಳಿಯ ಅಂಬೇವಾಡಿಯವರೆಗೆ ಪ್ರಯಾಣಿಕರ ರೈಲು ಮತ್ತೆ ಓಡಿತು. ಹೊರಡುವ ಮುನ್ನ ಅದು ಈಗ ಓಡುತ್ತಿದೆಯೇ ಎಂಬುದನ್ನು ಅಳ್ನಾವರ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿ.